ಮೇಫ್ಲವರ್ ಹಡಗಿನ ಜಾನ್ ಹೌಲ್ಯಾಂಡ್: ಸೊಸೆಯ ತವರಿನ ವಂಶವೃಕ್ಷವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಮ್ಮ ಮಗ ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ನೆಲೆಸಿ ಹದಿನೈದು ವರ್ಷಗಳಾದವು, ಸೊಸೆ ಅಲ್ಲಿನವಳೇ. ಮೊಮ್ಮಗಳ ಶಾಲೆಯಲ್ಲಿ ಮನೆತನದ ವಂಶವೃಕ್ಷವನ್ನು ಬರೆದು ತರಲು ಹೇಳಿದ್ದರಿಂದ ಮಗನ ಕಡೆಯ ಹೆಸರುಗಳನ್ನು ನಾನೇ ಫೋನಿನಲ್ಲಿ ಹೇಳಿ ಬರೆಸಿದೆ. ಐದನೆಯ ತಲೆಮಾರಿಗೆ ಬರುವಷ್ಟರಲ್ಲಿ ನನ್ನ ನೆನಪೂ ಮುಗಿಯಿತು, ನಮ್ಮ ಮಾವನವರು ಬರೆದಿಟ್ಟಿದ್ದ ಹಳೆಯ ಡೈರಿಯೂ ಮುಗಿಯಿತು. ಸೊಸೆಯ ಕಡೆಯದು ಮಾತ್ರ ಹದಿಮೂರು ತಲೆಮಾರು ಹಿಂದಕ್ಕೆ ಹೋಗಿ, 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಇಂಗ್ಲೆಂಡಿನಿಂದ ಬಂದಿಳಿದ ಜಾನ್ ಹೌಲ್ಯಾಂಡ್ ಎಂಬಾತನಲ್ಲಿ ನಿಂತಿದೆ. ಆತನ ಮಗಳು ಹೋಪ್, ಅವಳ ಗಂಡ ಜಾನ್ ಚಿಪ್‌ಮನ್, ಅಲ್ಲಿಂದ ಮುಂದಕ್ಕೆ ಒಂದೊಂದೇ ಕೊಂಡಿ ಇಳಿದು ನಮ್ಮ ಮೊಮ್ಮಗಳವರೆಗೆ ಬಂದಿದೆ.

ನನಗೆ ಈತನ ಮೇಲೆ ಕುತೂಹಲ ಹುಟ್ಟಿದ್ದು ಆ ಸಮುದ್ರದ ಪ್ರಸಂಗದಿಂದ. ನಡುಗಡಲಿನಲ್ಲಿ ಬಿರುಗಾಳಿ ಎದ್ದು ಹಾಯಿಗಳನ್ನೆಲ್ಲ ಇಳಿಸಿ ಹಡಗನ್ನು ಅಲೆಗೆ ಬಿಟ್ಟಿದ್ದಾಗ, ಒಳಗೆ ಕೂತಿರಲಾರದೆ ಮೇಲೆ ಬಂದ ಈ ಯುವಕ ಹಡಗು ಒಮ್ಮೆ ವಾಲಿದ್ದಕ್ಕೆ ಕಡಲಿಗೆ ಬಿದ್ದನಂತೆ. ಹೊರಗೆ ಜೋತುಬಿದ್ದಿದ್ದ ಹಾಯಿಯ ಹಗ್ಗ ಕೈಗೆ ಸಿಕ್ಕಿತಂತೆ. ಹಲವು ಆಳು ನೀರಿನಡಿ ಹೋದರೂ ಹಿಡಿದದ್ದನ್ನು ಬಿಡದ ಅವನನ್ನು ಹಗ್ಗ ಜಗ್ಗಿ ಮೇಲಕ್ಕೆ ತಂದು, ಕೊಕ್ಕೆಯಿಂದ ಹಡಗಿಗೆ ಎಳೆದುಕೊಂಡರಂತೆ. ಆ ಹಗ್ಗ ಕೈತಪ್ಪಿದ್ದರೆ ನಮ್ಮ ಮನೆಯ ಮಗು ಇರುತ್ತಿರಲಿಲ್ಲ ಎಂದು ಮಗ ನಗುತ್ತಾನೆ.

ಈಗ ನನ್ನ ಪ್ರಶ್ನೆ. ಈ ವಂಶವೃಕ್ಷವನ್ನು ಸೊಸೆಯ ದೊಡ್ಡಮ್ಮ ಚಂದಾ ಕಟ್ಟಿ ಸೇರಿದ ಒಂದು ಜಾಲತಾಣದಿಂದ ಇಳಿಸಿಕೊಂಡಿದ್ದಾರೆ. ಅದರಲ್ಲಿ ಹೌಲ್ಯಾಂಡನ ಹೆಂಡತಿ ಎಲಿಜಬೆತ್‌ಳ ತಂದೆ ಗವರ್ನರ್ ಜಾನ್ ಕಾರ್ವರ್ ಎಂದಿದೆ. ಬೇರೆ ಕಡೆ ಓದಿದರೆ ಆಕೆಯ ತಂದೆ ಜಾನ್ ಟಿಲ್ಲಿ ಎಂದು ಬರುತ್ತದೆ. ಮೊದಲ ಮೆಟ್ಟಿಲಲ್ಲೇ ಹೀಗಾದರೆ ಉಳಿದ ಹನ್ನೆರಡನ್ನು ಹೇಗೆ ನಂಬುವುದು? ಶಾಲೆಯ ಕೆಲಸ ಮುಗಿದಾಯಿತು. ನನಗೆ ಮಾತ್ರ ನಿದ್ದೆ ಬರುತ್ತಿಲ್ಲ.

ಹಳೆಕಡತ:

ಮೇಡಂ, ಟಿಲ್ಲಿ ಎಂಬುದೇ ಸರಿ. ಕಾರ್ವರ್ ಎಂದು ನಿಮ್ಮ ಪಟ್ಟಿಯಲ್ಲಿ ಇದ್ದರೆ, ಅದನ್ನು ಯಾರೋ 1856ಕ್ಕಿಂತ ಹಿಂದಿನ ಪುಸ್ತಕವನ್ನೋ, ಅಂಥ ಪುಸ್ತಕವನ್ನು ನೋಡಿ ಬರೆದ ಇನ್ನೊಂದನ್ನೋ ನಕಲು ಮಾಡಿದ್ದಾರೆ ಎಂದೇ ತಿಳಿಯಿರಿ. ಈ ತಪ್ಪಿಗೂ ಒಂದು ವಂಶಾವಳಿ ಇದೆ, ಅದನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ.

ಹೌಲ್ಯಾಂಡ್ ಹಡಗು ಹತ್ತಿದ್ದು ಸ್ವತಂತ್ರ ಯಾತ್ರಿಕನಾಗಿ ಅಲ್ಲ, ಕಾರ್ವರ್‌ನ ಮನೆಯ ಸೇವಕನಾಗಿ. ಸೇವಕ ಎಂದರೆ ಕಸ ಗುಡಿಸುವ ಆಳು ಎಂದು ತಿಳಿಯಬಾರದು; ಆ ಕಾಲದ ಇಂಗ್ಲೆಂಡಿನಲ್ಲಿ ಸಾಧಾರಣ ಅನುಕೂಲಸ್ಥರ ಮಕ್ಕಳೂ ಕೆಲವು ವರ್ಷಗಳ ಕರಾರಿನ ಮೇಲೆ ದೊಡ್ಡವರ ಮನೆಯಲ್ಲಿ ದುಡಿಯುತ್ತಿದ್ದರು. ಇವನು ಓದುಬರಹ ಬಲ್ಲವನು. ಹೊಸ ನೆಲದಲ್ಲಿ ಒಟ್ಟಾಗಿ ಆಡಳಿತ ನಡೆಸುವ ಬಗ್ಗೆ ಹಡಗಿನಲ್ಲೇ ಬರೆದ ಮೇಫ್ಲವರ್ ಒಡಂಬಡಿಕೆಗೆ ಸಹಿ ಹಾಕಿದ 41 ಮಂದಿಯಲ್ಲಿ ಒಬ್ಬ. ಹಡಗಿನಲ್ಲಿದ್ದ 102 ಪ್ರಯಾಣಿಕರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ತೀರಿಕೊಂಡರು. ಮೊದಲ ಗವರ್ನರ್ ಆಗಿದ್ದ ಕಾರ್ವರ್ 1621ರ ಏಪ್ರಿಲಿನಲ್ಲಿ ಸತ್ತ, ಹೆಂಡತಿ ಕೆಲವು ವಾರಗಳಲ್ಲಿ ಅವನ ಹಿಂದೆಯೇ ಹೋದಳು. ಅವರಿಗೆ ಬದುಕಿ ಉಳಿದ ಮಕ್ಕಳಿರಲಿಲ್ಲ. ಇತ್ತ ಟಿಲ್ಲಿ ದಂಪತಿ ದಡ ಸೇರಿದ ಸ್ವಲ್ಪ ದಿನಕ್ಕೇ ತೀರಿಕೊಂಡು, ಹದಿಮೂರು ವರ್ಷದ ಮಗಳು ಎಲಿಜಬೆತ್ ಒಂಟಿಯಾದಳು. ಸುಮಾರು 1623ರ ಹೊತ್ತಿಗೆ ಹೌಲ್ಯಾಂಡ್ ಅವಳನ್ನು ಮದುವೆಯಾದ. ಮುಂದಿನ ತಲೆಮಾರುಗಳ ಬಾಯಲ್ಲಿ ಇದು ತಿರುಚಿಕೊಂಡಿತು: ಕಾರ್ವರ್‌ನ ಮನೆಯಲ್ಲಿದ್ದವನು, ಕಾರ್ವರ್‌ನ ಮನೆಯ ಹುಡುಗಿಯನ್ನೇ ಮದುವೆಯಾದ, ಎಂದ ಮೇಲೆ ಆಕೆ ಗವರ್ನರ್‌ನ ಮಗಳು, ಇಲ್ಲವೇ ಮೊಮ್ಮಗಳು. ತಬ್ಬಲಿ ಹುಡುಗಿಗಿಂತ ಗವರ್ನರ್‌ನ ಮಗಳು ಮುತ್ತಜ್ಜಿಯಾಗುವುದು ಯಾರಿಗೆ ತಾನೇ ಬೇಡ?

ಇದನ್ನು ಸುಳ್ಳೆಂದು ತೋರಿಸುವ ಕೈಬರಹ ಇದ್ದೇ ಇತ್ತು, ಆದರೆ ಎಲ್ಲಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ಎರಡನೆಯ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ತಾನೇ ಬರೆದ, ಹಡಗಿನವರು ನೆಲೆಸಿದ ಪ್ಲಿಮತ್ ವಸಾಹತಿನ ಇತಿಹಾಸ ಬಾಸ್ಟನ್ನಿನ ಓಲ್ಡ್ ಸೌತ್ ಚರ್ಚಿನ ಗ್ರಂಥಭಂಡಾರದಲ್ಲಿತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಗದ್ದಲದ ಹೊತ್ತಿಗೆ ಅದು ಅಲ್ಲಿಂದ ಕಾಣೆಯಾಯಿತು. ಹಲವು ದಶಕಗಳ ನಂತರ, 1855ರಲ್ಲಿ, ಲಂಡನ್ನಿನ ಬಿಷಪ್ಪರ ಫುಲ್‌ಹ್ಯಾಮ್ ಅರಮನೆಯ ಪುಸ್ತಕಗಳ ನಡುವೆ ಪತ್ತೆಯಾಗಿ, 1856ರಲ್ಲಿ ಅಚ್ಚಾಯಿತು. ಮೂಲಪ್ರತಿ 1897ರಲ್ಲಿ ಮಸಾಚುಸೆಟ್ಸ್‌ಗೆ ಮರಳಿತು. ಅದರ ಕೊನೆಯಲ್ಲಿ ಬ್ರಾಡ್‌ಫರ್ಡ್ ಒಂದು ಪಟ್ಟಿ ಕೊಟ್ಟಿದ್ದಾನೆ: ಯಾರು ಯಾರ ಮನೆಯವರಾಗಿ ಬಂದರು, ಮೂವತ್ತು ವರ್ಷಗಳಾದ ಮೇಲೆ ಯಾರು ಉಳಿದಿದ್ದಾರೆ ಎಂಬ ಲೆಕ್ಕ. ಹೌಲ್ಯಾಂಡನ ಎದುರಿನ ಮಾತಿನ ತಾತ್ಪರ್ಯ ಇಷ್ಟು: ಇವನು ಜಾನ್ ಟಿಲ್ಲಿಯ ಮಗಳು ಎಲಿಜಬೆತ್‌ಳನ್ನು ಮದುವೆಯಾದ, ಇಬ್ಬರೂ ಬದುಕಿದ್ದಾರೆ, ಹತ್ತು ಮಕ್ಕಳು, ಎಲ್ಲರೂ ಬದುಕಿದ್ದಾರೆ, ಹಿರಿಯ ಮಗಳಿಗೆ ನಾಲ್ಕು ಮಕ್ಕಳು, ಎರಡನೆಯವಳಿಗೆ ಒಂದು, ಒಟ್ಟು ಹದಿನೈದು ಜೀವ ಇವರಿಂದ ಆದದ್ದು. ಆ ಎರಡನೆಯ ಮಗಳೇ ನಿಮ್ಮ ಪಟ್ಟಿಯ ಹೋಪ್.

ಶಿರಸ್ತೇದಾರ:

ಹಳೆಕಡತ ಅವರು ಹೇಳಿದ್ದು ಸ್ವಾರಸ್ಯವಾಗಿದೆ. ಆದರೆ ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಸವೆಸಿದವನ ಅನುಮಾನವನ್ನು ಮುಂದಿಡುತ್ತೇನೆ. ಪೌತಿ ಖಾತೆಗೆ ಬಂದವರು ತರುತ್ತಿದ್ದ ವಂಶವೃಕ್ಷಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಮಾಯವಾಗಿರುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಊರಿನವರು ಐದು ಜನ ಪಂಚರೆಂದು ಸಹಿ ಹಾಕಿರುತ್ತಿದ್ದರು, ಆದರೂ ಪಟ್ಟಿ ಸುಳ್ಳಾಗಿರುತ್ತಿತ್ತು. ಒಬ್ಬ ಗವರ್ನರ್ ಮುಪ್ಪಿನಲ್ಲಿ ನೆನಪಿನಿಂದ ಬರೆದಿಟ್ಟದ್ದು ಒಂದೇ ಸಾಕ್ಷಿಯಾದರೆ ನಾನು ಒಪ್ಪುತ್ತಿರಲಿಲ್ಲ. ಜನನ, ವಿವಾಹ, ಜಮೀನು, ಇವುಗಳಲ್ಲಿ ಒಂದಾದರೂ ಬೇರೆ ಕೈಯ ದಾಖಲೆ ಇದೆಯೇ? ಹತ್ತು ಮಕ್ಕಳು ಎಂದಿದ್ದೀರಿ. ಅವರ ಹೆಸರುಗಳನ್ನು ಬ್ರಾಡ್‌ಫರ್ಡ್ ಹೇಳಿಲ್ಲವಲ್ಲ?

ಹಳೆಕಡತ:

ಶಿರಸ್ತೇದಾರರ ಅನುಮಾನ ನ್ಯಾಯವಾದದ್ದು. ಬ್ರಾಡ್‌ಫರ್ಡ್ ಹೆಸರುಗಳನ್ನು ಹೇಳಿಲ್ಲ. ಬೇರೆ ಕೈಯ ದಾಖಲೆ ಮೂರು ಕಡೆ ಇದೆ.

ಮೊದಲನೆಯದು ಇಂಗ್ಲೆಂಡಿನದು. ಬೆಡ್‌ಫರ್ಡ್‌ಷೈರ್‌ನ ಹೆನ್ಲೋ ಎಂಬ ಹಳ್ಳಿಯ ಚರ್ಚಿನ ರಿಜಿಸ್ಟರಿನಲ್ಲಿ 1607ರ ಆಗಸ್ಟ್ 30ರಂದು ಎಲಿಜಬೆತ್ ಟಿಲ್ಲಿಯ ದೀಕ್ಷಾಸ್ನಾನ ದಾಖಲಾಗಿದೆ. ಅದೇ ಊರಿನಲ್ಲಿ 1596ರಲ್ಲಿ ಜಾನ್ ಟಿಲ್ಲಿಗೂ ಜೋನ್ ಎಂಬವಳಿಗೂ ಮದುವೆಯಾದದ್ದಿದೆ. ಈ ಜೋನ್‌ಳ ತವರು ಹರ್ಸ್ಟ್ ಮನೆತನ. ಆಕೆ ಥಾಮಸ್ ರಾಜರ್ಸ್ ಎಂಬಾತನ ವಿಧವೆ. ಇಲ್ಲೊಂದು ಗುಂಡಿ ಇದೆ, ಜಾಲತಾಣದ ಪಟ್ಟಿಗಳು ಸಾಲಾಗಿ ಬೀಳುವುದು ಇದರಲ್ಲೇ: ಮೇಫ್ಲವರ್‌ನಲ್ಲಿ ಇನ್ನೊಬ್ಬ ಥಾಮಸ್ ರಾಜರ್ಸ್ ಬಂದಿದ್ದಾನೆ. ಹೆಸರು ಒಂದೇ ಎಂದು ಕಂಡ ಕೂಡಲೇ ಇಬ್ಬರನ್ನೂ ಒಬ್ಬನನ್ನಾಗಿಸಿ, ಸತ್ತವನನ್ನು ಎಬ್ಬಿಸಿ ಹಡಗು ಹತ್ತಿಸಿಬಿಟ್ಟಿದ್ದಾರೆ.

ಎರಡನೆಯದು ನನಗೆ ಬಹಳ ಪ್ರಿಯವಾದದ್ದು. 1627ರಲ್ಲಿ ಪ್ಲಿಮತ್‌ನವರು ತಮ್ಮ ಸಾಮೂಹಿಕ ದನಗಳನ್ನು ಹಂಚಿಕೊಂಡರು. ಎಲ್ಲ ಜನರನ್ನೂ, ತೊಟ್ಟಿಲ ಕೂಸುಗಳನ್ನೂ ಬಿಡದೆ, ಹದಿಮೂರು ಹದಿಮೂರು ಮಂದಿಯ ಹನ್ನೆರಡು ಗುಂಪು ಮಾಡಿ, ಒಂದೊಂದು ಗುಂಪಿಗೆ ಇಂತಿಂಥ ದನ, ಇಷ್ಟು ಆಡು ಎಂದು ಬರೆದಿಟ್ಟರು. ದನ ಹಂಚಲು ಬರೆದ ಈ ಜಾಬಿತೆಯೇ ಇಂದು ನಮಗೆ ಜನಗಣತಿ. ನಾಲ್ಕನೆಯ ಗುಂಪು ಹೌಲ್ಯಾಂಡನದು: ಜಾನ್ ಹೌಲ್ಯಾಂಡ್, ಹೆಂಡತಿ ಎಲಿಜಬೆತ್, ಮಗ ಜಾನ್, ಮಗಳು ಡಿಸೈರ್, ಜೊತೆಗೆ ಬೇರೆ ಮನೆಯವರು. ಅವರ ಪಾಲಿಗೆ ಬಂದದ್ದು ಜೇಕಬ್ ಎಂಬ ಹಡಗಿನಲ್ಲಿ ಬಂದ ಕಡಸುಗಳಲ್ಲಿ ಒಂದು, ಅದರ ಹೆಸರು ರಾಗ್‌ಹಾರ್ನ್. ಅಂದರೆ ಆ ವರ್ಷಕ್ಕೆ ಅವರಿಗೆ ಎರಡೇ ಮಕ್ಕಳು, ಹೋಪ್ ಹುಟ್ಟಿರಲಿಲ್ಲ ಎಂದು ಖಚಿತವಾಗಿ ಹೇಳಬಹುದು. ಮೊದಲ ಮಗಳಿಗೆ ಡಿಸೈರ್ ಎಂಬ ಅಪರೂಪದ ಹೆಸರಿಟ್ಟದ್ದೂ ಗಮನಾರ್ಹ. ಕಾರ್ವರ್‌ನ ಮನೆಯವರೊಂದಿಗೆ ಡಿಸೈರ್ ಮಿಂಟರ್ ಎಂಬ ಹುಡುಗಿ ಬಂದು, ಮುಂದೆ ಇಂಗ್ಲೆಂಡಿಗೆ ಹಿಂತಿರುಗಿದ್ದಳು. ಆಕೆಯ ನೆನಪಿಗೆ ಇಟ್ಟ ಹೆಸರಿರಬಹುದೆಂದು ಅನೇಕರು ಊಹಿಸುತ್ತಾರೆ, ನನಗೂ ಹಾಗೆಯೇ ಅನ್ನಿಸುತ್ತದೆ.

ಮೂರನೆಯದು ಉಯಿಲು. ಶಿರಸ್ತೇದಾರರೇ, ನಿಮ್ಮ ಪೌತಿ ಖಾತೆಯ ಹೆಣ್ಣುಮಕ್ಕಳ ಅನುಭವಕ್ಕೆ ಇದು ಉತ್ತರ. ಹೌಲ್ಯಾಂಡ್ 1672ರ ಮೇ 29ರಂದು ಬರೆಸಿದ ಉಯಿಲಿನಲ್ಲಿ ನೆಲವೆಲ್ಲ ಗಂಡುಮಕ್ಕಳಿಗೆ ಹೋಗಿದೆ. ರಾಕಿ ನೂಕ್ ಎಂಬಲ್ಲಿದ್ದ ವಾಸದ ಮನೆಯನ್ನು ಹೆಂಡತಿಗೆ ಜೀವನ ನಡೆಸಲು ಬಿಟ್ಟಿದ್ದಾನೆ. ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ತಲಾ ಇಪ್ಪತ್ತು ಶಿಲಿಂಗ್ ಮಾತ್ರ. ಪಾಲು ಚಿಕ್ಕದಾದರೂ ವಂಶ ಹುಡುಕುವವರಿಗೆ ಆ ಸಾಲುಗಳೇ ಬಂಗಾರ, ಏಕೆಂದರೆ ಪ್ರತಿಯೊಬ್ಬಳ ಹೆಸರನ್ನೂ ಗಂಡನ ಮನೆತನದ ಹೆಸರಿನೊಡನೆ ಬರೆಸಿದ್ದಾನೆ: ಡಿಸೈರ್ ಗೋರಮ್, ಹೋಪ್ ಚಿಪ್‌ಮನ್, ಎಲಿಜಬೆತ್ ಡಿಕಿನ್‌ಸನ್, ಲಿಡಿಯಾ ಬ್ರೌನ್, ಹ್ಯಾನ್ನಾ ಬಾಸ್‌ವರ್ತ್, ರೂತ್ ಕುಶ್‌ಮನ್. ಗಂಡುಮಕ್ಕಳು ಜಾನ್, ಜೋಸೆಫ್, ಜೇಬೆಜ್, ಐಸಾಕ್. ಆರು, ನಾಲ್ಕು, ಒಟ್ಟು ಹತ್ತು. ಬ್ರಾಡ್‌ಫರ್ಡ್ ಹೇಳಿದ ಲೆಕ್ಕಕ್ಕೆ ಸರಿಹೊಂದಿತು. ಇಬ್ಬರು ಬೇರೆ ಬೇರೆ ಕಾರಣಕ್ಕೆ ಬರೆದದ್ದು ಹೀಗೆ ತಾಳೆಯಾದಾಗ ನಂಬಿಕೆ ಬರುತ್ತದೆ.

ತುಂಗಾತೀರ:

ಅಬ್ಬಾ, ದನದ ಪಟ್ಟಿಯಲ್ಲಿ ಸೊಸೆಯ ಪೂರ್ವಜರ ಹೆಸರು ಸಿಗುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹೋದ ಬಾರಿ ಅಲ್ಲಿಗೆ ಹೋದಾಗ ಪ್ಲಿಮತ್‌ನಲ್ಲಿ ಜೇಬೆಜ್ ಹೌಲ್ಯಾಂಡನ ಮನೆಯನ್ನು ನೋಡಿದ್ದೆ, ಆಗ ಈ ಹೆಸರುಗಳೆಲ್ಲ ನನಗೆ ಬರಿಯ ಹೆಸರುಗಳಾಗಿದ್ದವು. ತಂದೆತಾಯಿ ಕೊನೆಗಾಲದಲ್ಲಿ ಅಲ್ಲಿ ಕಾಲ ಕಳೆದಿದ್ದರೆಂದೂ, ಮೇಫ್ಲವರ್‌ನಲ್ಲಿ ಬಂದವರು ವಾಸವಿದ್ದು ಇಂದಿಗೂ ಪ್ಲಿಮತ್‌ನಲ್ಲಿ ನಿಂತಿರುವ ಮನೆ ಅದೊಂದೇ ಎಂದೂ ಅಲ್ಲಿನವರು ಹೇಳಿದರು. ಒಳಗೆ ಒಲೆಯ ಗೂಡು ಎಷ್ಟು ದೊಡ್ಡದೆಂದರೆ ಮೊಮ್ಮಗಳು ಅದರ ಮುಂದೆ ನಿಂತರೆ ಗೊಂಬೆಯಂತೆ ಕಾಣುತ್ತಿದ್ದಳು.

ಇನ್ನೊಂದು ಗೊಂದಲ. ನಮ್ಮ ಪಟ್ಟಿಯಲ್ಲಿ ಹೌಲ್ಯಾಂಡ್ ಸತ್ತದ್ದು 1672ರ ಫೆಬ್ರವರಿ 23 ಎಂದಿದೆ. ನೀವು ಹೇಳುವಂತೆ ಉಯಿಲು ಬರೆಸಿದ್ದು 1672ರ ಮೇ ತಿಂಗಳಲ್ಲಿ. ಸತ್ತ ಮೂರು ತಿಂಗಳಿಗೆ ಉಯಿಲು ಬರೆಸಿದನೇ? ಹಾಗೆಯೇ ಎಲಿಜಬೆತ್‌ಳ ಬಗ್ಗೆ ಏನಾದರೂ ಇದ್ದರೆ ದಯವಿಟ್ಟು ತಿಳಿಸಿ. ಎಲ್ಲ ಕಡೆ ಗಂಡನ ಕತೆಯೇ ಇದೆ.

ಹಳೆಕಡತ:

ದಿನಾಂಕದ ಗೊಂದಲ ಎಲ್ಲರಿಗೂ ಆಗುವಂಥದ್ದೇ. 1752ರವರೆಗೆ ಇಂಗ್ಲೆಂಡ್ ಮತ್ತು ಅದರ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. ಹೆಚ್ಚುಕಡಿಮೆ ನಮ್ಮ ಯುಗಾದಿಯ ಆಸುಪಾಸು ಎಂದು ನೆನಪಿಟ್ಟುಕೊಳ್ಳಿ. ಹಾಗಾಗಿ ಅವರ 1672ರ ಫೆಬ್ರವರಿ ಬರುವುದು 1672ರ ಮೇ ಆದ ಮೇಲೆ. ನಮ್ಮ ಲೆಕ್ಕಕ್ಕೆ ಅದು 1673. ಇದನ್ನು ಅರಿತವರು 1672/73 ಎಂದು ಓರೆಗೀಟು ಹಾಕಿ ಬರೆಯುತ್ತಾರೆ. ಅರಿಯದವರ ಪಟ್ಟಿಗಳಲ್ಲಿ ಮಕ್ಕಳು ಮದುವೆಗೆ ಮುಂಚೆ ಹುಟ್ಟುತ್ತಾರೆ, ಮನುಷ್ಯರು ಸತ್ತ ಮೇಲೆ ಸಹಿ ಹಾಕುತ್ತಾರೆ. ನಿಮ್ಮ ಪಟ್ಟಿಯ ಜನವರಿ, ಫೆಬ್ರವರಿ, ಮಾರ್ಚ್ ತಿಂಗಳ ದಿನಾಂಕಗಳನ್ನು ಮೊದಲು ಪರೀಕ್ಷಿಸಿ. ಸಾವಿನ ದಾಖಲೆಯಲ್ಲಿ ಅವನ ವಯಸ್ಸು ಎಂಬತ್ತಕ್ಕೆ ಮೇಲೆ ಎಂದಿದೆ. ಅದು ನಿಜವಾದರೆ ಹುಟ್ಟಿದ್ದು 1592ರ ಸುಮಾರಿಗೆ, ಅಂದರೆ ಹಡಗು ಹತ್ತುವಾಗ ಇಪ್ಪತ್ತೆಂಟು. ಆ ವಯಸ್ಸಿಗೆ ಸೇವೆಯ ಕರಾರು ಸಾಮಾನ್ಯವಾಗಿ ಮುಗಿದಿರುತ್ತಿತ್ತು, ಬ್ರಾಡ್‌ಫರ್ಡ್ ಕೂಡ ಅವನನ್ನು ಗಟ್ಟಿಮುಟ್ಟಾದ ಯುವಕ ಎನ್ನುತ್ತಾನೆ. ಆದ್ದರಿಂದ ಹುಟ್ಟಿದ್ದು 1599ರ ಆಸುಪಾಸು ಇರಬೇಕೆಂದು ಈಗಿನ ಸಂಶೋಧಕರಲ್ಲಿ ಹಲವರ ಅಭಿಪ್ರಾಯ. ಮುದುಕರ ವಯಸ್ಸನ್ನು ನಾಲ್ಕಾರು ವರ್ಷ ಏರಿಸಿ ಹೇಳುವ ಅಭ್ಯಾಸ ಅಲ್ಲಿಯೂ ಇತ್ತು.

ಎಲಿಜಬೆತ್‌ಳದು ದೊಡ್ಡ ಕತೆ. ಗಂಡ ಹೋದ ಎರಡೇ ವರ್ಷಕ್ಕೆ, 1675ರಲ್ಲಿ, ವಸಾಹತಿನವರಿಗೂ ಮೂಲನಿವಾಸಿಗಳಿಗೂ ದೊಡ್ಡ ಯುದ್ಧವಾಯಿತು. ಹಿರಿಯ ಮಗಳು ಡಿಸೈರ್‌ಳ ಗಂಡ ಕ್ಯಾಪ್ಟನ್ ಜಾನ್ ಗೋರಮ್ ಆ ಯುದ್ಧಕ್ಕೆ ಹೋದವನು ಮರಳಿ ಮನೆಗೆ ಬರದೆ ಸ್ವಾನ್ಸಿಯಲ್ಲಿ ಸತ್ತ. ಮುಂದೆ ಎಲಿಜಬೆತ್ ಅದೇ ಸ್ವಾನ್ಸಿಯಲ್ಲಿ ಮಗಳು ಲಿಡಿಯಾಳ ಮನೆ ಸೇರಿ, 1687ರ ಡಿಸೆಂಬರ್ 21ರಂದು ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅದಕ್ಕೆ ಒಂದು ವರ್ಷ ಮೊದಲು, 1686ರ ಡಿಸೆಂಬರ್ 17ರಂದು, ತನ್ನದೇ ಉಯಿಲು ಬರೆಸಿದ್ದಾಳೆ.

ಅದನ್ನು ಓದುವುದೆಂದರೆ ಆಕೆಯ ಹಿಂದೆಯೇ ಮನೆಯೊಳಗೆ ಸುತ್ತಾಡಿದಂತೆ. ಜೋಸೆಫ್‌ಗೆ ತೂಕದ ಕೋಲು, ಒಂದು ಜೊತೆ ಹಾಸು, ದಿಂಬಿನ ಚೀಲ. ಜೇಬೆಜ್‌ಗೆ ಆಗಲೇ ಅವನ ಬಳಿ ಇರುವ ಗರಿಯ ಹಾಸಿಗೆ, ಜೊತೆಗೆ ದೊಡ್ಡ ಕಬ್ಬಿಣದ ಪಾತ್ರೆ, ಅದನ್ನು ತೂಗುಹಾಕುವ ಕೊಕ್ಕೆ. ಐಸಾಕ್‌ಗೆ ದೊಡ್ಡ ಹಿತ್ತಾಳೆಯ ಹಂಡೆ, ಅದೂ ಆಗಲೇ ಅವನ ಮನೆಯಲ್ಲಿದೆ. ಅಳಿಯ ಜೇಮ್ಸ್ ಬ್ರೌನ್‌ಗೆ ದೊಡ್ಡ ಕೈಕುರ್ಚಿ. ತನ್ನನ್ನು ನೋಡಿಕೊಂಡ ಲಿಡಿಯಾಳಿಗೆ ಎಲ್ಲಕ್ಕಿಂತ ಒಳ್ಳೆಯ ಹಾಸಿಗೆ, ಮೂರು ಕಂಬಳಿ, ಒಂದು ಹಸಿರು ಹೊದಿಕೆ, ಚಿಕ್ಕ ಬೀರು, ಚಿಕ್ಕ ಹಿತ್ತಾಳೆಯ ಹಂಡೆ, ಚಿಕ್ಕ ಬೈಬಲ್. ಪುಸ್ತಕಗಳನ್ನೂ ಹೆಸರು ಹೇಳಿ ಹಂಚಿದ್ದಾಳೆ. ಮೊಮ್ಮಗಳು ಡೊರೊಥಿ ಬ್ರೌನ್‌ಗೆ ಒಳ್ಳೆಯ ಪೆಟ್ಟಿಗೆ ಮತ್ತು ಹಾಸಿಗೆ ಬೆಚ್ಚಗಾಗಿಸಲು ಕೆಂಡ ತುಂಬುವ ಬಾಣಲೆ. ಇನ್ನೊಬ್ಬ ಮೊಮ್ಮಗಳು ಡಿಸೈರ್ ಕುಶ್‌ಮನ್‌ಗೆ ನಾಲ್ಕು ಕುರಿ. ಈ ಮೊಮ್ಮಗಳ ಹೆಸರಿನಿಂದಲೇ ರೂತ್ ಕುಶ್‌ಮನ್‌ಗೆ ಒಬ್ಬ ಮಗಳಿದ್ದಳೆಂದು ತಿಳಿಯುವುದು. ಮಕ್ಕಳೆಲ್ಲ ದೇವರ ಭಯದಲ್ಲಿ, ಒಬ್ಬರಿಗೊಬ್ಬರು ಪ್ರೀತಿಯಿಂದ, ಸಮಾಧಾನದಿಂದ ಬಾಳಬೇಕೆಂದು ಕಟ್ಟಪ್ಪಣೆಯನ್ನೂ ಬರೆಸಿದ್ದಾಳೆ; ಹಂಡೆಗಳ ವಿಷಯದಲ್ಲಿ ಅದು ಅಗತ್ಯವೂ ಇತ್ತೇನೋ.

ಕಾಡಹಕ್ಕಿ:

ಚರ್ಚೆ ಚೆನ್ನಾಗಿದೆ, ಆದರೆ ಒಂದು ಮಾತು ಗಂಟಲಲ್ಲಿ ಉಳಿದಿದೆ. ಹಳೆಕಡತ ಅವರು ಆ ಯುದ್ಧವನ್ನು ಒಂದು ಸಾಲಿನಲ್ಲಿ ದಾಟಿಸಿದ್ದೀರಿ. ಹೌಲ್ಯಾಂಡನ ದನ ಮೇದ ನೆಲ ಖಾಲಿ ನೆಲವಲ್ಲ. ಅದು ವಾಂಪನೋಗ್ ಜನರ ಪಟುಕ್ಸೆಟ್ ಎಂಬ ಊರು. ಹಡಗು ಬರುವ ಕೆಲವೇ ವರ್ಷಗಳ ಹಿಂದೆ, 1616ರಿಂದ 1619ರ ನಡುವೆ, ಹೊರಗಿನವರಿಂದ ಬಂದ ಸಾಂಕ್ರಾಮಿಕ ರೋಗಕ್ಕೆ ಆ ಊರಿಗೆ ಊರೇ ಬಲಿಯಾಗಿತ್ತು. ಬಂದವರಿಗೆ ಉತ್ತ ಹೊಲಗಳು ಸಿದ್ಧವಾಗಿ ಸಿಕ್ಕಿದ್ದು ಅದಕ್ಕೇ. ಅವರೊಡನೆ ಒಪ್ಪಂದ ಮಾಡಿಕೊಂಡು ಕಾಪಾಡಿದವನು ಮಸಾಸಾಯಿಟ್. 1675ರ ಯುದ್ಧದಲ್ಲಿ ಅವರ ಎದುರು ನಿಂತು ಮಡಿದವನು ಅವನ ಮಗ ಮೆಟಾಕಾಮ್. ಸೋತವರಲ್ಲಿ ಅನೇಕರನ್ನು ಗುಲಾಮರನ್ನಾಗಿ ಹಡಗು ಹತ್ತಿಸಿ ಮಾರಿದರು, ಮೆಟಾಕಾಮ್‌ನ ಹೆಂಡತಿ ಮಕ್ಕಳ ಗತಿಯೂ ಅದೇ ಆಯಿತೆಂದು ಓದಿದ್ದೇನೆ. ಆ ಮಕ್ಕಳ ವಂಶವೃಕ್ಷ ಯಾವ ಚರ್ಚಿನ ರಿಜಿಸ್ಟರಿನಲ್ಲಿದೆ? ಹೌಲ್ಯಾಂಡನ ಕಡಸಿನ ಹೆಸರು ಗೊತ್ತು, ಪಟುಕ್ಸೆಟ್‌ನಲ್ಲಿ ಸತ್ತ ಒಬ್ಬ ತಾಯಿಯ ಹೆಸರು ಗೊತ್ತಿಲ್ಲ.

ಹಳೆಕಡತ:

ನೀವು ಹೇಳಿದ್ದು ಸರಿ, ನಾನು ಅದನ್ನು ಅವಸರದಲ್ಲಿ ದಾಟಿದ್ದು ತಪ್ಪು. ಒಂದನ್ನು ಮಾತ್ರ ಸೇರಿಸುತ್ತೇನೆ: ವಾಂಪನೋಗ್ ಜನ ಅಳಿದುಹೋದವರಲ್ಲ. ಅಕ್ವಿನಾ ಮತ್ತು ಮ್ಯಾಶ್‌ಪಿಯ ವಾಂಪನೋಗರಿಗೆ ಕೇಂದ್ರ ಸರ್ಕಾರದ ಮಾನ್ಯತೆ ಕ್ರಮವಾಗಿ 1987ರಲ್ಲಿ ಮತ್ತು 2007ರಲ್ಲಿ ಸಿಕ್ಕಿತು. ಆ ಮಾನ್ಯತೆ ಪಡೆಯಲು ಅವರು ತಮ್ಮ ವಂಶಾವಳಿಯನ್ನು ದಾಖಲೆಗಳ ಮೂಲಕ ತೋರಿಸಬೇಕಾಯಿತು. ದಾಖಲೆ ಬರೆಯುವ ಕೈ ನೂರಾರು ವರ್ಷ ಅವರದಾಗಿರಲಿಲ್ಲ ಎಂಬುದನ್ನು ನೆನೆದರೆ ಆ ಕೆಲಸದ ಕಷ್ಟ ತಿಳಿಯುತ್ತದೆ.

ಗಣಿತಪ್ರಿಯ:

ಸ್ವಲ್ಪ ಲೆಕ್ಕದ ಮಾತು. ಮೊಮ್ಮಗಳಿಂದ ಹೌಲ್ಯಾಂಡನವರೆಗೆ ಮೇಡಂ ಎಣಿಸಿದ್ದು ಹದಿಮೂರು ತಲೆಮಾರು, ಅಂದರೆ ಹನ್ನೆರಡು ಮೆಟ್ಟಿಲು. ಮೆಟ್ಟಿಲಿಗೆ ಎರಡರಂತೆ ಗುಣಿಸಿದರೆ ಆ ಸಾಲಿನಲ್ಲಿ ಅವಳಿಗೆ 4,096 ಪೂರ್ವಜರ ಸ್ಥಾನಗಳಿರುತ್ತವೆ. ಹೌಲ್ಯಾಂಡ್ ಅವರಲ್ಲಿ ಒಬ್ಬ. ಅರ್ಧದಷ್ಟು ಸ್ಥಾನಗಳು ತುಂಗಾತೀರ ಅವರ ಕಡೆಯವೇ ಎಂಬುದನ್ನು ಮರೆಯಬೇಡಿ, ಆ ಎರಡು ಸಾವಿರದಲ್ಲಿ ಒಂದು ಹೆಸರೂ ಬರಹದಲ್ಲಿ ಇಲ್ಲ ಅಷ್ಟೇ. ಇತ್ತ ಹೌಲ್ಯಾಂಡನ ಹತ್ತೂ ಮಕ್ಕಳು ಬೆಳೆದು ಮದುವೆಯಾದದ್ದರಿಂದ ಅವನ ಸಂತತಿ ವಿಪರೀತ ಬೆಳೆದಿದೆ: ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್, ತಂದೆಮಗ ಇಬ್ಬರೂ ಬುಷ್‌ಗಳು, ನಟ ಹಂಫ್ರಿ ಬೋಗಾರ್ಟ್, ಮಾರ್ಮನ್ ಪಂಥ ಸ್ಥಾಪಿಸಿದ ಜೋಸೆಫ್ ಸ್ಮಿತ್, ಎಲ್ಲರೂ ಇವನ ಕವಲುಗಳೇ. ಆದ್ದರಿಂದ ನಿಮ್ಮ ಸೊಸೆ ಈ ವಂಶದವಳಾಗಿರುವುದು ಅಸಂಭವವೇನಲ್ಲ. ಸಂಭವ ಎಂಬುದು ಪುರಾವೆ ಅಲ್ಲ ಎಂದಷ್ಟೇ ನನ್ನ ಮಾತು.

ಡಿಎನ್ಎ ಪರೀಕ್ಷೆ ಮಾಡಿಸಿ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಪ್ರತಿ ತಲೆಮಾರಿಗೂ ಅರ್ಧರ್ಧವಾಗಿ ಕಲಸಿಹೋಗುವ ವರ್ಣತಂತುಗಳಲ್ಲಿ ಹನ್ನೆರಡು ಮೆಟ್ಟಿಲಿನಾಚೆಯ ಒಬ್ಬ ನಿರ್ದಿಷ್ಟ ಪೂರ್ವಜನ ಒಂದು ತುಣುಕೂ ಉಳಿಯದಿರುವ ಸಾಧ್ಯತೆಯೇ ಹೆಚ್ಚು. ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವ ವೈ ವರ್ಣತಂತು ಹೋಪ್‌ಳ ಬಳಿಯೇ ತಪ್ಪಿಹೋಯಿತು. ತಾಯಿಯಿಂದ ಮಗಳಿಗೆ ಇಳಿಯುವುದು ಬೇಕಾದರೆ ಎಲಿಜಬೆತ್‌ಳಿಂದ ಮೊಮ್ಮಗಳವರೆಗೆ ಎಲ್ಲರೂ ಹೆಣ್ಣೇ ಆಗಿರಬೇಕು.

ಇನ್ನೊಂದು ಎಚ್ಚರಿಕೆ: ಹೌಲ್ಯಾಂಡ್ ಎಂಬ ಅಡ್ಡಹೆಸರಿದ್ದವರೆಲ್ಲ ಈ ಜಾನನ ಮಕ್ಕಳಲ್ಲ. ಅವನ ತಮ್ಮಂದಿರು ಆರ್ಥರ್ ಮತ್ತು ಹೆನ್ರಿ ಕೂಡ ಆಮೇಲೆ ಪ್ಲಿಮತ್‌ಗೆ ಬಂದರು, ಕ್ವೇಕರ್ ಎಂಬ ಕ್ರೈಸ್ತ ಪಂಥದ ಕಡೆಗೆ ವಾಲಿ ದಂಡವನ್ನೂ ತೆತ್ತರು. ತಿಮಿಂಗಿಲ ಬೇಟೆಯಿಂದ ಸಿರಿವಂತರಾದ ನ್ಯೂ ಬೆಡ್‌ಫರ್ಡ್‌ನ ಹೌಲ್ಯಾಂಡರು ಹೆನ್ರಿಯ ಕವಲು. ನನ್ನಂಥವರಿಗೆ ಆ ಮನೆತನ ಗೊತ್ತಿರುವುದು ಒಂದು ಉಯಿಲಿನ ವ್ಯಾಜ್ಯದಿಂದ. ಸಿಲ್ವಿಯಾ ಹೌಲ್ಯಾಂಡ್ 1865ರಲ್ಲಿ ಸತ್ತಾಗ ಸಹಿ ನಕಲೆಂದು ಮೊಕದ್ದಮೆ ನಡೆದು, ಗಣಿತಜ್ಞ ಬೆಂಜಮಿನ್ ಪಿಯರ್ಸ್ ಆಕೆಯ 42 ಸಹಿಗಳನ್ನು ಒಂದರ ಮೇಲೊಂದಿಟ್ಟು, ಒಂದೊಂದರಲ್ಲಿದ್ದ ಕೆಳಮುಖದ 30 ಗೆರೆಗಳನ್ನು ಹೋಲಿಸಿ, ಎರಡು ಸಹಿಗಳು ಗೆರೆಗೆ ಗೆರೆ ಹೊಂದಿಕೊಳ್ಳುವುದು ಎಷ್ಟು ದುಸ್ಸಾಧ್ಯವೆಂದು ನ್ಯಾಯಾಲಯದಲ್ಲಿ ಲೆಕ್ಕ ಒಪ್ಪಿಸಿದ್ದರು.

ಶಿರಸ್ತೇದಾರ:

ಮೊದಲ ಎರಡು ತಲೆಮಾರಿನ ಬಗ್ಗೆ ನನ್ನ ತಕರಾರು ವಾಪಸು ಪಡೆದಿದ್ದೇನೆ. ಕೊನೆಯ ನಾಲ್ಕೈದು ತಲೆಮಾರಿಗೆ ಸರ್ಕಾರಿ ಜನನ ಪತ್ರಗಳು ಇರುತ್ತವೆ. ಹಾಗಾದರೆ ಸಂಶಯಪಡಬೇಕಾದ್ದು ನಡುವಿನದೇ ಅಲ್ಲವೇ?

ಹಳೆಕಡತ:

ಸರಿಯಾದ ಜಾಗಕ್ಕೆ ಬೆರಳಿಟ್ಟಿರಿ. ಹೊಸಬರು ಹಳೆಯದಕ್ಕೆ ಹೆದರುತ್ತಾರೆ, ಹದಿನೇಳನೆಯ ಶತಮಾನವೇ ಕಷ್ಟ ಎಂದುಕೊಳ್ಳುತ್ತಾರೆ. ಮೇಫ್ಲವರ್ ಮನೆತನಗಳ ಮೊದಲ ಐದು ತಲೆಮಾರುಗಳನ್ನು 1897ರಲ್ಲಿ ಸ್ಥಾಪನೆಯಾದ ಮೇಫ್ಲವರ್ ವಂಶಸ್ಥರ ಸಂಘ ದಾಖಲೆ ಸಮೇತ ಶೋಧಿಸಿ, ಬೆಳ್ಳಿ ಬಣ್ಣದ ರಟ್ಟಿನ ಸಂಪುಟಗಳಲ್ಲಿ ಅಚ್ಚು ಹಾಕಿಸಿದೆ. ಮಸಾಚುಸೆಟ್ಸ್‌ನ ಊರುಗಳ ಜನನ ಮರಣ ಪುಸ್ತಕಗಳೂ ಒಟ್ಟಿನಲ್ಲಿ ಚೆನ್ನಾಗಿಯೇ ಇವೆ. ಕತ್ತಲೆ ಕವಿಯುವುದು ಸ್ವಾತಂತ್ರ್ಯ ಯುದ್ಧದ ನಂತರ, ಜನ ಮಸಾಚುಸೆಟ್ಸ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಒಳನಾಡಿಗೆ, ಅಲ್ಲಿಂದ ಒಹಾಯೊ, ಮಿಷಿಗನ್ ಕಡೆಗೆ ಬಂಡಿ ಹೂಡಿಕೊಂಡು ಹೊರಟಾಗ. ನ್ಯೂಯಾರ್ಕ್ ರಾಜ್ಯದಲ್ಲಿ ಜನನ ಮರಣ ನೋಂದಣಿ ನೆಲೆಗೊಂಡದ್ದು 1880ರ ನಂತರ. 1850ಕ್ಕಿಂತ ಹಿಂದಿನ ಜನಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಬರೆದು, ಉಳಿದವರನ್ನು ವಯಸ್ಸಿನ ಕೋಷ್ಟಕದಲ್ಲಿ ಅಂಕಿಗಳನ್ನಾಗಿಸಿದ್ದಾರೆ. 1800ರ ಸುಮಾರಿಗೆ ಹುಟ್ಟಿ, 1820ರಲ್ಲಿ ಮದುವೆಯಾಗಿ, 1850ರೊಳಗೆ ತೀರಿಕೊಂಡ ಹೆಂಗಸಿನ ತವರಿನ ಹೆಸರು ಹೀಗೆ ಯಾವ ಸರ್ಕಾರಿ ಹಾಳೆಯಲ್ಲೂ ಇಲ್ಲದೆ ಹೋಗಬಹುದು.

ಮೇಡಂ, ನಿಮ್ಮ ಪಟ್ಟಿಯಲ್ಲಿ 1780ರಿಂದ 1840ರ ನಡುವೆ ಹುಟ್ಟಿದ ಹೆಂಗಸರು ಯಾರಿದ್ದಾರೆ ನೋಡಿ. ಅವರ ಹೆಸರಿನ ಪಕ್ಕದ ಆಧಾರ ಎಂಬ ಗುಂಡಿಯನ್ನು ಒತ್ತಿ. ಅಲ್ಲಿ ದಾಖಲೆಯ ಬದಲು ಇನ್ನೊಬ್ಬರ ವಂಶವೃಕ್ಷವೇ ಆಧಾರವೆಂದು ಕಂಡರೆ ಅಲ್ಲಿಗೆ ನಿಲ್ಲಿ.

ತುಂಗಾತೀರ:

ನಿನ್ನೆ ರಾತ್ರಿ ಸೊಸೆಯೂ ನಾನೂ ವಿಡಿಯೋ ಕರೆಯಲ್ಲಿ ಕೂತು ಒಂದೊಂದನ್ನೇ ಒತ್ತಿ ನೋಡಿದೆವು. ಹೋಪ್‌ಳಿಂದ ಐದನೆಯ ತಲೆಮಾರಿನವರೆಗೆ ಬೆಳ್ಳಿ ಸಂಪುಟದಲ್ಲಿ ಇರುವಂತೆಯೇ ಇದೆ. ಇತ್ತ ಸೊಸೆಯಿಂದ ಹಿಂದಕ್ಕೆ 1850ರ ಜನಗಣತಿಯವರೆಗೆ ಸರ್ಕಾರಿ ಕಾಗದಗಳಿವೆ. ಎಂಟನೆಯ ತಲೆಮಾರಿನಲ್ಲಿ ನ್ಯೂಯಾರ್ಕ್ ಒಳನಾಡಿನಲ್ಲಿದ್ದ ಒಬ್ಬ ಹೆಂಗಸಿನ ಬಳಿ ನಮ್ಮ ಬೆರಳು ನಿಂತಿತು. ಅವಳ ತವರಿನ ಹೆಸರಿಗೆ ಆಧಾರವಾಗಿ ಇಪ್ಪತ್ತೆರಡು ವಂಶವೃಕ್ಷಗಳು ಕಂಡವು. ಒಂದನ್ನೊತ್ತಿದರೆ ಇನ್ನೊಂದಕ್ಕೆ, ಅದನ್ನೊತ್ತಿದರೆ ಮತ್ತೊಂದಕ್ಕೆ ಹೋಗಿ, ಕೊನೆಗೆ ಸುತ್ತಿಕೊಂಡು ಸೊಸೆಯ ದೊಡ್ಡಮ್ಮನ ಪಟ್ಟಿಗೇ ಬಂದು ನಿಂತಿತು! ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ದೊಡ್ಡಮ್ಮನಿಗೆ ಇದನ್ನು ಹೇಳುವವರು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಇದಕ್ಕೆ ಮುಂದೆ ದಾರಿ ಇದೆಯೇ?

ಹಳೆಕಡತ:

ಆಕೆಯ ಗಂಡ ಬ್ರಿಟನ್ನಿನೊಡನೆ ನಡೆದ 1812ರ ಯುದ್ಧಕ್ಕೆ ಹೋಗಿದ್ದನೇ, ಆಕೆಯ ತಂದೆ ಇರಬಹುದಾದವನು ಸ್ವಾತಂತ್ರ್ಯ ಯುದ್ಧದಲ್ಲಿ ಇದ್ದನೇ ಎಂದು ವಿಚಾರಿಸಿ. ಸೈನಿಕರ ವಿಧವೆಯರು ಪಿಂಚಣಿ ಕೇಳುವಾಗ ಮದುವೆಯನ್ನು ರುಜುವಾತುಪಡಿಸಬೇಕಿತ್ತು. ಕಾಗದ ಇಲ್ಲದವರು ಮನೆಯ ಬೈಬಲ್ಲಿನಲ್ಲಿ ಮಕ್ಕಳ ಹುಟ್ಟು ಬರೆದಿಟ್ಟ ಹಾಳೆಯನ್ನೇ ಹರಿದು ಅರ್ಜಿಗೆ ಲಗತ್ತಿಸಿದ್ದಾರೆ. ಅಂಥ ಹಾಳೆಗಳು ವಾಷಿಂಗ್‌ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಇಂದಿಗೂ ಇವೆ. ಅದಲ್ಲದೆ ಅವರಿದ್ದ ಕೌಂಟಿಯ ನ್ಯಾಯಾಲಯದಲ್ಲಿ ತಂದೆಯ ಆಸ್ತಿ ವಿಭಾಗದ ಕಡತ ಸಿಕ್ಕರೆ, ಮದುವೆಯಾದ ಹೆಣ್ಣುಮಕ್ಕಳ ಹೆಸರು ಅದರಲ್ಲಿರುವುದುಂಟು. ಸಿಗುವವರೆಗೆ ಆ ಕೊಂಡಿಯನ್ನು ಚುಕ್ಕಿಗೆರೆಯಲ್ಲಿ ಬರೆದಿಡಿ.

ತುಂಗಾತೀರ:

ಕೌಂಟಿಗೆ ಸೊಸೆ ಪತ್ರ ಬರೆದಾಯಿತು. ಕಾರ್ವರ್‌ನನ್ನು ಅಳಿಸಿ ಹೆನ್ಲೋದ ಟಿಲ್ಲಿಯನ್ನು ಬರೆದೆವು, ಎಂಟನೆಯ ತಲೆಮಾರಿಗೆ ಚುಕ್ಕಿಗೆರೆ ಹಾಕಿದೆವು. ಮೊಮ್ಮಗಳು ಹೌಲ್ಯಾಂಡನ ಪಕ್ಕದಲ್ಲಿ ಆ ಕಡಸಿನ ಚಿತ್ರವನ್ನೂ ಬರೆದಿದ್ದಾಳೆ. ರಾಗ್‌ಹಾರ್ನ್ ಎಂದರೆ ಕನ್ನಡದಲ್ಲಿ ಏನಜ್ಜಿ ಎಂದು ಕೇಳುತ್ತಾಳೆ.

ಶಿರಸ್ತೇದಾರ:

ನಮ್ಮ ಮನೆಯಲ್ಲಿ ಕೋಡು ಒಡೆದ ಒಂದು ಹಸುವಿತ್ತು, ಅದನ್ನು ನಮ್ಮ ಅಜ್ಜಿ ಮುರುಕುಗೋಡಿ ಎಂದು ಕರೆಯುತ್ತಿದ್ದರು. ಅದನ್ನೇ ಬರೆಸಿ.